ಹಳೆಯ ಪಾಸ್‌ವರ್ಡ್

ಮನೆಗಳ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಏಳು ಜನ. ಎಲ್ಲರ ಮೇಜಿನ ಮೇಲೂ ವಿಂಡೋಸ್ ಕಂಪ್ಯೂಟರ್. ಹಿಂದಿನ ಸಣ್ಣ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಓಡುತ್ತಿದ್ದ ಲಿನಕ್ಸ್ ಸರ್ವರ್ ಯಂತ್ರವನ್ನು ಕೂರಿಸಿದ್ದು ಯಜಮಾನಿಯ ಗಂಡ. "ಒಲೆ ಹೊಗೆ ಊಟಕ್ಕೆ ಕೂತವ್ರಿಗೆ ತಾಗಬಾರ್ದು" ಎನ್ನುತ್ತಿದ್ದ. ಹಾಗೆಯೇ ಆಗಿತ್ತು. ನಕ್ಷೆಗಾರರಿಗೆ ಕಾಣುತ್ತಿದ್ದುದು ನಕ್ಷೆಗಳನ್ನೆಲ್ಲ ಇಡುವ ಝಡ್ ಡ್ರೈವ್ ಒಂದೇ. ಅದರ ಹಿಂದೇನಿದೆ ಎಂದು ಯಾರೂ ಕೇಳಿದ್ದಿಲ್ಲ. ಯಜಮಾನಿಯನ್ನು ಅಕ್ಕ ಎನ್ನುತ್ತಿದ್ದವರು ಅವನನ್ನು ಝಡ್ ಭಾವ ಎಂದು ಕರೆಯುತ್ತಿದ್ದರು.

ಅವನಿಗೆ ಮರೆವಿನ ಕಾಯಿಲೆ ಶುರುವಾಗಿ ಎರಡು ವರ್ಷ. ಒಡಹುಟ್ಟಿದ ತಂಗಿಯ ಹೆಸರಿಗೂ ತಡಕಾಡುತ್ತಿದ್ದ. ಆದರೂ ಬೆಳಿಗ್ಗೆ ಆ ಕಪ್ಪು ಪರದೆಯ ಮುಂದೆ ಕೂತರೆ ಬೆರಳು ತಾನಾಗಿ ಓಡುತ್ತಿತ್ತು. ಅದನ್ನು ನೋಡಿದರೆ ಅವಳಿಗೆ ಹೋದ ಜೀವ ಬಂದಂತಾಗುತ್ತಿತ್ತು.

ಒಂದು ಮಂಗಳವಾರ ಹಿರಿಯ ನಕ್ಷೆಗಾರ ಬಂದು, "ಅಕ್ಕ, ಝಡ್ ಖಾಲಿ ಇದೆ" ಎಂದ.

"ಕಸ ಗುಡಿಸ್ದೆ" ಎಂದು ಗಂಡ ನಕ್ಕ.

ನಕ್ಷೆಗಳ ಇನ್ನೊಂದು ಪ್ರತಿ ತೆಗೆದಿಡುವುದನ್ನೂ ಅವನು ಮರೆತು ತಿಂಗಳುಗಳಾಗಿದ್ದವು. ಅವನು ಹಿಂದೆಂದೋ ಹೆಂಡತಿಗೆ ಬರೆದುಕೊಟ್ಟಿದ್ದ ಪಾಸ್‌ವರ್ಡ್ ಹಿಡಿದು, ಹೊರಗಿನಿಂದ ಕರೆಸಿದ ರಿಪೇರಿಯವಳು ಮೂರು ದಿನ ಕೂತಳು. ಮುಕ್ಕಾಲು ಪಾಲು ನಕ್ಷೆ ವಾಪಸು ಬಂತು.

"ಪಾಸ್‌ವರ್ಡ್ ಬದಲಾಯಿಸ್ಲೇಬೇಕು ಮೇಡಂ" ಎಂದಳು ಮೆಲ್ಲಗೆ. "ಅವ್ರಿಗೆ ನೀವೇ ಹೇಳ್ಬಿಡಿ."

ಬದಲಾಯಿಸಿದ್ದೂ ಆಯಿತು. ಹೇಳಲು ಮಾತ್ರ ಯಜಮಾನಿಗೆ ಬಾಯಿ ಬರಲಿಲ್ಲ.

ಮರುದಿನ ಅವನು ಬಂದು ಟೈಪ್ ಮಾಡಿದ. ಯಂತ್ರ ತಪ್ಪೆಂದಿತು. ಮತ್ತೆ ಮಾಡಿದ. ಮೂರನೆಯ ಸಲ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಒತ್ತಿದ. ಪಕ್ಕದಲ್ಲಿ ನಿಂತಿದ್ದ ಅವಳು ಕೇಳಿಸಿಕೊಂಡಳು. ಒಂದಕ್ಷರವೂ ತಪ್ಪಿರಲಿಲ್ಲ.

"ಇದೂ ಹೋಯ್ತೇನೇ?" ಎಂದ, ಅವಳ ಕಡೆ ನೋಡದೆ.

ನಿಮ್ಮದು ಸರಿಯಾಗೇ ಇದೆ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಹೊಸದನ್ನು ಕೇಳುತ್ತಾನೆ. ಕೇಳಿದರೆ ಕೊಡದೆ ಇರಲು ಅವಳಿಂದಾಗದು.

"ಹೋಗ್ಲಿ ಬಿಡಿ" ಎಂದಳು. "ಎಷ್ಟೂಂತ ನೆನಪಿಟ್ಕೋತೀರಿ."

ಅವನು ಕೀಲಿಮಣೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ. ಎದ್ದು ನಿಂತು, ಬಾಗಿಲು ಯಾವ ಕಡೆ ಎಂದು ಕೇಳಿದ.

ಸೋಮವಾರ ಅವಳು ಕರೆದಾಗ ಅವನು ಹೊದಿಕೆ ಸರಿಸಲಿಲ್ಲ.

"ನೀನ್ ಹೋಗ್ ಬಾ. ನಂಗಲ್ಲಿ ಏನ್ ಕೆಲ್ಸ?"

ಆಮೇಲೆ ಅವನು ಕಚೇರಿಗೆ ಬರಲೇ ಇಲ್ಲ. ಭಾವ ಯಾಕೆ ಬರುತ್ತಿಲ್ಲ ಎಂದು ಹಿರಿಯ ನಕ್ಷೆಗಾರ ಕೇಳಿದಾಗ, "ಅವ್ರಿಗೇ ಸಾಕಾಯ್ತಂತೆ" ಎಂದು ಹೇಳಿ ಅವಳು ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.