ಮೂರು ಮಿಲಿಮೀಟರ್ ವ್ಯತ್ಯಾಸ

೧

ಈ ಕಥೆಯನ್ನು ಗಿಟಾರಿನಿಂದ ಶುರು ಮಾಡಬೇಕೋ ಕೈಯಿಂದ ಶುರು ಮಾಡಬೇಕೋ ಎಂದು ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಕೈಯಿಂದ ಬೇಡ ಎಂದು ದೇವರಾಜು ಹೇಳಿದ್ದಾನೆ. ಕಥೆಯೂ ಕೈಯೂ ಅವನದೇ, ಸದ್ಯಕ್ಕೆ ಅವನ ಮಾತು ಕೇಳುತ್ತೇನೆ.

ಹಾಗಾದರೆ ಗಿಟಾರು. ಎಲೆಕ್ಟ್ರಿಕ್ ಗಿಟಾರು, ಅದರಲ್ಲೂ ರೀಇಶ್ಯೂ. ಅಂದರೆ ಕಂಪನಿಯವರು ಅರವತ್ತು ಎಪ್ಪತ್ತು ವರ್ಷದ ಹಿಂದೆ ತಾವೇ ಮಾಡಿ ಮಾರಿದ್ದ ಮಾಡೆಲನ್ನು ಅದೇ ಅಳತೆ, ಅದೇ ಬಣ್ಣದಲ್ಲಿ ಈಗ ಮತ್ತೆ ಮಾಡಿ ಮಾರುವುದು. (ನಾವು ಕಥೆಗಾರರೂ ಇದನ್ನೇ ಮಾಡುತ್ತೇವೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ.) ಇದರಲ್ಲಿ ಐವತ್ತರ ದಶಕದ್ದು, ಅರವತ್ತರ ದಶಕದ್ದು ಎಂದು ಎರಡು ಬಗೆ. ನೋಡಲು ಎರಡೂ ಒಂದೇ. ವ್ಯತ್ಯಾಸ ಇರುವುದು ನೆಕ್‌ನಲ್ಲಿ, ಅಂದರೆ ಎಡಗೈ ಹಿಡಿದು ಓಡಾಡುವ ಆ ಉದ್ದನೆಯ ಮರದಲ್ಲಿ. ಐವತ್ತರದ್ದು ಬೆನ್ನು ತುಂಬಿಕೊಂಡು ದಪ್ಪ, ಅರವತ್ತರದ್ದು ಸಪೂರ. ಅಳೆದರೆ ಮೂರು ಮಿಲಿಮೀಟರ್. ಕಣ್ಣಿಗೆ ಕಾಣುವುದಿಲ್ಲ. ಹಿಡಿದ ಕೂಡಲೇ ಯಾರ ಕೈಗಾದರೂ ಗೊತ್ತಾಗುತ್ತದೆ.

"ಸಾರ್, ಆ 'ಯಾರ ಕೈಗಾದರೂ' ಅನ್ನಾದ್ನ ಹೊಡ್ದಾಕಿ," ಎಂದ ದೇವರಾಜು.

ಹೊಡೆದು ಹಾಕಿದೆ. ಓದುಗರೇ, ನೀವು ಅದನ್ನು ಓದಿಲ್ಲ.

೨

ದೇವರಾಜು ಚನ್ನಪಟ್ಟಣದವನು, ವಯಸ್ಸು ನಲವತ್ತಾರು. ಹಗಲು ಲೇತ್ ಮೇಲೆ ಮರ ತಿರುಗಿಸಿ ಗೊಂಬೆ ಮಾಡುತ್ತಾನೆ. ಮದುವೆ, ಗಣೇಶನ ಹಬ್ಬ, ರಾಜ್ಯೋತ್ಸವ ಬಂದರೆ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರು. ಗೊಂಬೆ ಕೆಲಸದವರಲ್ಲಿ ಅವನ ಎಡಗೈಗೆ ದೊಡ್ಡ ಹೆಸರು. ಇನ್ನೂರು ಗೊಂಬೆ ತಲೆಗಳನ್ನು ಮುಂದೆ ಸುರಿದರೆ, ಕಣ್ಣು ಮುಚ್ಚಿ ಒಂದೊಂದನ್ನೇ ಅಂಗೈಯಲ್ಲಿ ಸವರಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುವುದನ್ನು ಎತ್ತಿ ಪಕ್ಕಕ್ಕಿಡುತ್ತಾನೆ. ಮಾಲು ಸರಿಯಿಲ್ಲ ಎಂದು ತಗಾದೆ ಬಂದರೆ ಬೇರೆ ಕಾರ್ಖಾನೆಯವರೂ ಅವನನ್ನೇ ಕರೆಯುತ್ತಾರೆ. ಅವನು ಸರಿ ಎಂದರೆ ಸರಿ.

ಅಂಥವನು ಆರು ತಿಂಗಳಿಂದ ಗಿಟಾರಿನಲ್ಲಿ ತಪ್ಪುತ್ತಿದ್ದಾನೆ. ಮಾಗಡಿಯ ಒಂದು ಆರತಕ್ಷತೆಯಲ್ಲಿ ನೂರಾರು ಸಲ ನುಡಿಸಿದ ತುಣುಕೇ ಕೈಕೊಟ್ಟಿತು. ಕಿರುಬೆರಳು ತಂತಿಯ ಮೇಲಿದೆ ಎಂದುಕೊಂಡಿದ್ದ, ಇರಲಿಲ್ಲ. ವೇದಿಕೆಯಿಂದ ಇಳಿದವನು ಹೇಳಿದ್ದು ಒಂದೇ ಮಾತು: "ಈ ಗಿಟಾರ್ ನೆಕ್ಕೇ ಸರಿಯಿಲ್ಲ ಕಣ್ರಲಾ. ಕೈಗೆ ಕೂರ್ತಾ ಇಲ್ಲ. ಬೇರೇದ್ ನೋಡ್ಬೇಕು."

ಹೀಗೆ ಬೇರೆ ನೆಕ್ ಹುಡುಕುವ ಕಥೆ ಶುರುವಾಯಿತು. ಮೊದಲ ಕರಡಿನಲ್ಲಿ ಇದು ಹಾಸ್ಯ ಕಥೆ. ಮಧ್ಯವಯಸ್ಸಿನ ಒಬ್ಬ ಗೊಂಬೆ ಕೆಲಸದವನು ರಾತ್ರಿಯೆಲ್ಲ ಗಿಟಾರ್ ನೆಕ್‌ಗಳ ವಿಡಿಯೋ ನೋಡುತ್ತಾ ಅವುಗಳ ಬೆನ್ನು ಸಿ ಆಕಾರ, ಯು ಆಕಾರ, ವಿ ಆಕಾರ ಎಂದು ಕನವರಿಸುವುದು, ಹೆಂಡತಿ ಅದನ್ನು ಎಬಿಸಿಡಿ ಕಲಿಯುತ್ತಿದ್ದಾನೆ ಎಂದುಕೊಳ್ಳುವುದು, ಹೀಗೆ. ಎರಡು ಪುಟ ಬರೆದು ಅವನಿಗೆ ಓದಿ ಹೇಳಿದೆ. ಅವನು ನಗಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಮುಚ್ಚಿಕೊಂಡು ಕೂತಿದ್ದ. ಆ ಕರಡನ್ನು ಹರಿದು ಹಾಕಿದೆ.

೩

(ಈ ಭಾಗ ಬೇಡ ಎಂದು ದೇವರಾಜು ಕೈಮುಗಿದು ಕೇಳಿದ್ದಾನೆ. ಆದರೂ ಬರೆಯುತ್ತಿದ್ದೇನೆ. ಕಥೆಗಾರರು ಒಳ್ಳೆಯ ಜನ ಅಲ್ಲ.)

ಗೊಂಬೆಗೆ ಬಣ್ಣ ಹಿಡಿಸುವುದು ಬಣ್ಣದ ಅರಗಿನಿಂದ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಕರಗಿ ಅಂಟುತ್ತದೆ. ಯುಗಾದಿ ಕಳೆದ ಮೇಲೆ ಒಂದು ದಿನ ಅರಗು ಹಿಡಿಸುತ್ತಿದ್ದಾಗ ಏನೋ ಸುಟ್ಟ ವಾಸನೆ ಬಂತು. ಬೆಲ್ಟ್ ಸುಡುತ್ತಿದೆ ಎಂದುಕೊಂಡು ದೇವರಾಜು ಲೇತ್ ಆಫ್ ಮಾಡಿ, ಬಗ್ಗಿ ನೋಡಿದ. ಬೆಲ್ಟ್ ಸರಿಯಾಗಿತ್ತು. ಎದ್ದಾಗ ಕಂಡಿತು, ಕರಗಿದ ಕೆಂಪು ಅರಗು ಅವನ ಕಿರುಬೆರಳಿಗೆ ಮೆತ್ತಿಕೊಂಡಿದೆ. ಕಿತ್ತರೆ ಜೊತೆಗೆ ಚರ್ಮವೂ ಬಂತು. ನೋಯಲಿಲ್ಲ. ಚೂರೂ ನೋಯಲಿಲ್ಲ. ಅವನು ಅಲ್ಲೇ ಮರದ ಹೊಟ್ಟಿನ ಮೇಲೆ ಕೂತುಬಿಟ್ಟ.

ಅವನಿಗೆ ಹೆದರಿಕೆಯಾದದ್ದು ಗಾಯಕ್ಕಲ್ಲ. ಅವನ ತಾತ ಕೆಂಚಯ್ಯ ನೆನಪಾಗಿದ್ದ. ಕನಕಪುರದ ಕಡೆಯ ಹಳ್ಳಿಯಲ್ಲಿ ತಾತನಿಗೆ ಬೇರೆ ತಟ್ಟೆ, ಬೇರೆ ಲೋಟ, ಹಿತ್ತಲಿನಲ್ಲಿ ಬೇರೆ ಗುಡಿಸಲು. ಹತ್ತಿರ ಹೋಗಬೇಡ ಎಂದು ಅವ್ವ ಗದರುತ್ತಿದ್ದಳು. ಆದರೂ ಹೋಗಿ ನಿಂತು ನೋಡುತ್ತಿದ್ದ, ಏಕೆಂದರೆ ತಾತ ಒಲೆಯ ಕೆಂಡವನ್ನು ಬರಿಗೈಯಲ್ಲಿ ಎತ್ತಿ ಬೀಡಿ ಹಚ್ಚುತ್ತಿದ್ದ. ಏಳು ವರ್ಷದ ದೇವರಾಜುಗೆ ಅಂಥ ಧೈರ್ಯಶಾಲಿ ಊರಲ್ಲೇ ಇರಲಿಲ್ಲ. ತಾತನ ಬೆರಳುಗಳು ಅರ್ಧ ಇದ್ದವು. ಆ ಕಾಯಿಲೆಯ ಹೆಸರನ್ನು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಊರವರು ದೊಡ್ಡರೋಗ ಎನ್ನುತ್ತಿದ್ದರು, ಅದನ್ನೂ ದನಿ ತಗ್ಗಿಸಿ.

"ಆಯ್ತಲ್ಲ ಸಾರ್, ಬರ್ದ್‌ಬುಟ್ರಲ್ಲ," ಎಂದ ದೇವರಾಜು. "ಈಗ ಸಮಾಧಾನ ಆಯ್ತಾ?"

ಆಗಿಲ್ಲ. ಕಿರುಬೆರಳಿನಲ್ಲಿ ಶುರುವಾದ ಜೋಮು ಈಗ ಉಂಗುರದ ಬೆರಳು ದಾಟಿ ಅಂಗೈಯ ನಡುವಿಗೆ ಬಂದಿದೆ. ಹೋದ ತಿಂಗಳು ಅವನು ಸವರಿ ಸರಿ ಎಂದ ಒಂದು ಲಾಟು ಪೂರ್ತಿ ವಾಪಸ್ ಬಂತು. ಅವನ ಕೈ ತಪ್ಪು ಹೇಳಿದೆ ಎಂದು ಯಾರಿಗೂ ಅನಿಸಲಿಲ್ಲ, ಮರವೇ ಹಸಿ ಇತ್ತೇನೋ ಎಂದುಕೊಂಡರು. ಅಷ್ಟು ನಂಬಿಕೆ.

೪

ಹೆಂಡತಿ ರಾಧಾಮಣಿಯನ್ನು ಇಷ್ಟು ಹೊತ್ತು ಕರೆತರದೆ ಇದ್ದದ್ದು ನನ್ನ ಉಪಾಯ. ಅವಳು ಬಂದರೆ ಕಥೆ ಬೇಗ ಮುಗಿದು ಹೋಗುವ ಅಪಾಯವಿದೆ. ಅವಳು ಆಶಾ ಕಾರ್ಯಕರ್ತೆ.

ವರ್ಷಕ್ಕೊಂದು ಸಲ ಮನೆ ಮನೆ ಸರ್ವೆ ಬರುತ್ತದೆ. ಗುಲಾಬಿ ಸೀರೆಯುಟ್ಟು, ಫಾರಂ ಹಿಡಿದು, ಪ್ರತಿ ಬಾಗಿಲಲ್ಲೂ ರಾಧಾಮಣಿ ಕೇಳುತ್ತಾಳೆ: ಮೈಮೇಲೆ ಎಲ್ಲಾದರೂ ತಿಳಿಬಣ್ಣದ ಮಚ್ಚೆ ಇದೆಯೆ, ಮುಟ್ಟಿದರೆ ಗೊತ್ತಾಗದ ಜಾಗ ಇದೆಯೆ, ಕೈಕಾಲು ಜೋಮು ಹಿಡಿಯುತ್ತದೆಯೆ. ಈ ಸಲ ಪಕ್ಕದ ಮನೆಯವಳಿಗೆ ಕಾಂಪೌಂಡಿನಾಚೆಯಿಂದ ಹೇಳುತ್ತಿದ್ದದ್ದು ದೇವರಾಜುಗೆ ಬಚ್ಚಲಲ್ಲಿ ಕೇಳಿಸಿತು.

"ಹೆದ್ರಬ್ಯಾಡ ಕಣಕ್ಕ. ಈಗೆಲ್ಲ ಮಾತ್ರೆ ಐತೆ, ಬಿಟ್ಟಿ ಕೊಡ್ತಾರೆ, ವಾಸಿ ಆಯ್ತದೆ. ಯಾರ್ನೂ ಬ್ಯಾರೆ ಇಡಂಗಿಲ್ಲ. ಬೇಗ ಬಂದು ತೋರಿಸ್ಬೇಕು ಅಷ್ಟೆಯ. ತಡ ಮಾಡುದ್ರೆ ಬೆರಳು ಮಾತ್ರ ವಾಪಸ್ ಬರಾಕಿಲ್ಲ."

ಬೀದಿಯ ಅಷ್ಟೂ ಮನೆಗಳಲ್ಲಿ ಕೇಳಿದಳು. ತನ್ನ ಮನೆಗೆ ಬಂದು, ಕೂತು, ಗಂಡನ ಹೆಸರಿನ ಮುಂದೆ ತಾನೇ 'ಇಲ್ಲ' ಎಂದು ಗುರುತು ಹಾಕಿಕೊಂಡಳು. ಕೇಳಲಿಲ್ಲ. ದೇವರಾಜು ಪೇಪರ್ ಓದುವವನ ಹಾಗೆ ಕೂತಿದ್ದ.

ಯಾಕೆ ಕೇಳಲಿಲ್ಲ ಎಂದು ನಾನು ರಾಧಾಮಣಿಯನ್ನು ಕೇಳಿದೆ. "ಕೇಳುದ್ರೆ ಅವ್ರು ಹೇಳ್ಬುಡ್ತಾರಲ್ಲ ಸಾರ್," ಎಂದಳು.

೫

ಆಫ್ತಾಬ್ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರಿನವನು. ರಾಮನಗರದ ರೇಷ್ಮೆ ಮನೆತನದವನು, ಈಗ ಬಿಡದಿಯ ಕಾರ್ಖಾನೆಯೊಂದರಲ್ಲಿ ಅಳತೆ ಪರೀಕ್ಷೆ ಮಾಡುವ ಕೆಲಸ, ಅಲ್ಲೇ ಮನೆ. ಅವನ ಬಳಿ ಎರಡು ರೀಇಶ್ಯೂ ಇವೆ, ಒಂದು ದಪ್ಪ, ಒಂದು ಸಪೂರ. ಒಂದನ್ನು ಕೊಟ್ಟುಬಿಡುತ್ತೇನೆ, ಯಾವುದು ಬೇಕೋ ನೀನೇ ಮೊದಲು ಆರಿಸಿಕೋ ಎಂದಿದ್ದ. ಒಂದು ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಬಸ್ಸು ಹತ್ತಿ ಹೋದರು.

ಆಫ್ತಾಬ್ ಕ್ಯಾಲಿಪರ್ ಇಟ್ಟು ಎರಡು ನೆಕ್‌ಗಳನ್ನೂ ಅಳೆದು ತೋರಿಸಿದ. ಇಪ್ಪತ್ತೈದು, ಇಪ್ಪತ್ತೆರಡು. ಆಮೇಲೆ ಕ್ಯಾಲಿಪರನ್ನು ಮೇಜಿನ ಮೇಲೆ ಎಸೆದ.

"ನಿನ್ ಮುಂದೆ ಇದೇನ್ಲಾ, ನಿನ್ ಕೈನೇ ಕ್ಯಾಲಿಪರ್ರು. ಕಣ್ ಮುಚ್ಕೊ. ನಾನ್ ಕೊಡ್ತೀನಿ, ನೀನ್ ಯಾವ್ದು ಅಂತ ಹೇಳು. ಅತ್ತಿಗೇನೂ ನೋಡ್ಲಿ ಒಂದ್ ಕಿತ."

ದೇವರಾಜು ನನ್ನ ಕಡೆ ತಿರುಗಿದ. "ಸಾರ್, ಈಗ ಆಫ್ತಾಬನ್ಗೆ ಒಂದ್ ಫೋನ್ ಬರ್ಸಿ. ನಿಮ್ ಕಾಲ್ ಹಿಡ್ಕತೀನಿ."

ಪಾಪ ಎನಿಸಿತು, ಬರಿಸಿದೆ. ಆಫ್ತಾಬ್ ಫೋನು ತೆಗೆದು ನೋಡಿ, ಸೈಲೆಂಟ್ ಮಾಡಿ, ಜೇಬಿಗೆ ಹಾಕಿಕೊಂಡ. (ನನ್ನ ಪಾತ್ರಗಳ ಮೇಲೆ ನನಗಿರುವ ಅಧಿಕಾರ ಇಷ್ಟೇ.)

ದೇವರಾಜು ಕಣ್ಣು ಮುಚ್ಚಿದ. ದಪ್ಪ ಗಿಟಾರಿನ ಸ್ಟ್ಯಾಂಡು ಸಡಿಲ, ಎತ್ತಿದರೆ ಕಿರ್ ಎನ್ನುತ್ತದೆ. ಬಂದ ತಕ್ಷಣ ಅದನ್ನು ಗಮನಿಸಿಟ್ಟುಕೊಂಡಿದ್ದ. ಕಿರ್ ಎಂದಿತು. ಅಂಗೈಗೆ ಮರ ಬಂದು ಕೂತಿತು. ಹೆಬ್ಬೆರಳಿಗೆ ಅಲ್ಲೊಂದು ಮರ ಇದೆ ಎಂದಷ್ಟೇ ತಿಳಿಯಿತು, ಎಷ್ಟಿದೆ ಎಂದು ತಿಳಿಯಲಿಲ್ಲ. "ದಪ್ಪ," ಎಂದ. ಆಫ್ತಾಬ್ ಚಪ್ಪಾಳೆ ತಟ್ಟಿದ. ಎರಡನೆಯ ಸಲ ಶಬ್ದವಿಲ್ಲ. "ಸಪೂರ." ಮತ್ತೆ ಚಪ್ಪಾಳೆ. ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಮೂರನೆಯ ಸಲ ಕಿರ್ ಎಂದಿತು.

"ದಪ್ಪ."

ಚಪ್ಪಾಳೆ ಬರಲಿಲ್ಲ. ಕಣ್ಣು ಬಿಟ್ಟ. ಕೈಯಲ್ಲಿದ್ದದ್ದು ಸಪೂರ ಗಿಟಾರು. ಆಫ್ತಾಬ್ ತಮಾಷೆಗೆ ದಪ್ಪದ್ದನ್ನು ಎತ್ತಿ, ಅಲ್ಲೇ ಇಟ್ಟು, ಸಪೂರದ್ದನ್ನೇ ಮತ್ತೆ ಕೊಟ್ಟಿದ್ದ.

"ಥೂ, ನಂದೇ ತಪ್ಪು ಕಣ್ಲಾ, ನಾನೇ ಕನ್‌ಫ್ಯೂಸ್ ಮಾಡ್ಬುಟ್ಟೆ," ಎಂದು ಆಫ್ತಾಬ್ ಜೋರಾಗಿ ನಕ್ಕ. ನಗುವಾಗ ಸ್ನೇಹಿತನ ಮುಖ ನೋಡಲಿಲ್ಲ. ರಾಧಾಮಣಿಯೂ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದಳು.

"ಯೋಚ್ನೆ ಮಾಡಿ ಹೇಳ್ತೀನಿ ಕಣ್ಲಾ," ಎಂದು ದೇವರಾಜು ಎದ್ದ. ಚಹಾ ತರುವವರೆಗೂ ನಿಲ್ಲಲಿಲ್ಲ.

೬

ಇಲ್ಲಿ ಮುಕ್ತಾಯಗಳನ್ನು ಕೊಡುವುದು ವಾಡಿಕೆ. ಕೊಡುತ್ತೇನೆ.

ಮುಕ್ತಾಯ ಒಂದು: ಸಕ್ಕರೆ ಕಾಯಿಲೆ. ಅನ್ನ ಬಿಟ್ಟು ಮುದ್ದೆ, ಬೆಳಿಗ್ಗೆ ವಾಕಿಂಗು, ಮಾತ್ರೆ.

ಮುಕ್ತಾಯ ಎರಡು: ಇಪ್ಪತ್ತೈದು ವರ್ಷ ಮೊಣಕೈ ಊರಿ ಲೇತ್ ಕೆಲಸ ಮಾಡಿ ನರ ಅದುಮಿದೆ. ಸಣ್ಣ ಆಪರೇಷನ್ನು.

ಮುಕ್ತಾಯ ಮೂರು: ತಾತನದು.

"ಇದ್ರಲ್ಲಿ ಒಂದು ಆರಿಸ್ಕೊ," ಎಂದೆ. "ಗಿಟಾರ್ ಆರಿಸಿದ ಹಾಗೆ."

"ಯಾವ್ದೂ ಬ್ಯಾಡ. ಬರುದ್ರೆ ಆಗ್ಬುಡ್ತದೆ."

"ಬರೆಯದೆ ಇದ್ದರೂ ಆಗಿರುತ್ತದಲ್ಲ ದೇವರಾಜು."

"ಆಗಿರ್ಲಿ. ಗೊತ್ತಾಗ್ದಂಗೆ ಆಗಿರ್ಲಿ."

ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಓದುಗರಿಗೆ ಬಿಟ್ಟುಬಿಡುವ ಮುಕ್ತಾಯಕ್ಕೆ ಈಗ ಒಳ್ಳೆಯ ಹೆಸರಿದೆ, ವಿಮರ್ಶಕರು ತಲೆದೂಗುತ್ತಾರೆ. ನನಗೆ ಮೂರನೆಯದನ್ನು ಬರೆಯಲು ಭಯ ಎಂದು ಯಾರಿಗೂ ಗೊತ್ತಾಗುವುದಿಲ್ಲ.

೭

ವಾಪಸ್ ಬಸ್ಸಿನಲ್ಲಿ ದೇವರಾಜು ಬಲಗಡೆಯ ಕಿಟಕಿಗೆ ಕೂತ, ರಾಧಾಮಣಿ ಅವನ ಎಡಕ್ಕೆ. ಅವನು ಹೊರಗೆ ನೋಡುತ್ತಾ ಒಂದೊಂದೇ ನೆಪ ಜೋಡಿಸುತ್ತಿದ್ದ. ತಂತಿ ಹಳೆಯದು. ಕೈಯಲ್ಲಿ ಬೆವರಿತ್ತು. ಕಣ್ಣು ಮುಚ್ಚಿದರೆ ಯಾರಿಗಾದರೂ ಹಾಗೇ ಆಗುತ್ತದೆ. ರಾಮನಗರದ ಬಂಡೆಗಳು ಬಂದು ಹೋದವು, ಜನ ಇಳಿದರು, ಹತ್ತಿದರು. ಕೆಂಗಲ್ ಎಂದು ಕಂಡಕ್ಟರ್ ಕೂಗಿದಾಗ ಯಾರು ಏಳುತ್ತಾರೆಂದು ನೋಡಲು ತಲೆ ಈಚೆ ತಿರುಗಿಸಿದ.

ಅವನ ಎಡಗೈ ಹೆಂಡತಿಯ ತೊಡೆಯ ಮೇಲಿತ್ತು, ಅವಳ ಎರಡೂ ಕೈಗಳ ನಡುವೆ. ಮಣಿಕಟ್ಟಿನಿಂದ ಕಿರುಬೆರಳಿನ ತುದಿಯವರೆಗೆ ಅವಳ ಉಗುರಿನ ಗುರುತುಗಳು ಸಾಲಾಗಿ ಮೂಡಿದ್ದವು. ಕೊನೆಯವು ಆಳವಾಗಿದ್ದವು. ಅವಳು ಅಳುತ್ತಿದ್ದಳು, ಸದ್ದಿಲ್ಲದೆ.

"ಯಾವಾಗಿಂದ ಹಿಡ್ಕಂಡಿದ್ದೀಯ?"

"ಬಿಡದಿಯಿಂದ," ಎಂದಳು ರಾಧಾಮಣಿ.

೮

ಇಲ್ಲಿಗೆ ನಿಲ್ಲಿಸುತ್ತೇನೆ. ಇಂಥ ಕಥೆಗಳು ಇಂಥ ಜಾಗದಲ್ಲೇ ನಿಲ್ಲುತ್ತವೆ.

"ನಿಲ್ಸ್‌ಬ್ಯಾಡಿ ಸಾರ್," ಎಂದಳು ರಾಧಾಮಣಿ. ಸೆರಗಿನಲ್ಲಿ ಮೂಗು ಒರೆಸಿಕೊಂಡು ನೇರವಾಗಿ ನನ್ನನ್ನೇ ನೋಡುತ್ತಿದ್ದಳು. "ನಾಳೆ ಸೋಮವಾರ. ಹತ್ ಗಂಟ್ಗೆ ಆಸ್ಪತ್ರೆಗ್ ಡಾಕ್ಟ್ರು ಬತ್ತಾರೆ. ಅಲ್ಲಿಗಂಟ ಬರೀರಿ."

"ಡಾಕ್ಟರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲಮ್ಮ."

"ನಂಗ್ ಗೊತ್ತಾ? ಗೊತ್ತಿಲ್ಲ ಅಂತ ಹೋಗ್ದೆ ಇರಾಕಾಯ್ತದಾ? ಊರೋರ್ಗೆಲ್ಲ ಹೇಳ್ಕಂಡ್ ತಿರುಗ್ದೆ, ಮನೇಲಿ ಕೇಳ್ನಿಲ್ಲ. ನಾನೂ ನಿಮ್ಮಂಗೇಯ, ಹೆದ್ರುಕಂಡ್ ಬಿಟ್ಬುಟ್ಟೆ. ನೀವ್ ಇನ್ನೂ ಒಂದ್ ದಿನ ಸುಮ್ನಿದ್ರೆ ನಿಮ್ ಕತೆಗೇನೂ ಆಗಾಕಿಲ್ಲ. ಇವ್ರ್ ಬೆರಳಿಗ್ ಆಯ್ತದೆ."

ದೇವರಾಜು ಏನಾದರೂ ಹೇಳಲಿ ಎಂದು ಅವನ ಕಡೆ ನೋಡಿದೆ. ಇಡೀ ಕಥೆಯಲ್ಲಿ ಮೊದಲ ಸಲ ಅವನು ನನಗೆ ಏನನ್ನೂ ಹೇಳಲಿಲ್ಲ. ಉಗುರಿನ ಗುರುತುಗಳನ್ನು ಬಲಗೈಯ ಬೆರಳಿನಿಂದ ಒಂದೊಂದಾಗಿ ಮುಟ್ಟಿಕೊಳ್ಳುತ್ತಿದ್ದ.

ಬಸ್ಸನ್ನು ಕೆಂಗಲ್‌ಗೂ ಚನ್ನಪಟ್ಟಣಕ್ಕೂ ನಡುವೆ ಹಿಡಿದುಕೊಂಡಿದ್ದೇನೆ. ಹದಿನೈದು ನಿಮಿಷವೂ ಹಿಡಿಯದ ದಾರಿ, ಬೇಕೆಂದೇ ಎಳೆಯುತ್ತಿದ್ದೇನೆ. ಬಸ್ ಸ್ಟ್ಯಾಂಡು ಬಂದಿಲ್ಲ, ಬರುವ ವಾಕ್ಯವನ್ನು ನಾನು ಬರೆದಿಲ್ಲ. ಆದರೂ ರಾಧಾಮಣಿ ಎದ್ದಿದ್ದಾಳೆ. ಓಡುವ ಬಸ್ಸಿನಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಅವನ ಎಡಗೈ ಹಿಡಿದು, ಬಾಗಿಲ ಕಡೆ ನಡೆಯುತ್ತಿದ್ದಾಳೆ. ಅವನೂ ಎದ್ದಿದ್ದಾನೆ. ಅವಳು ಎಳೆದುಕೊಂಡು ಹೋಗುತ್ತಿದ್ದಾಳೋ, ಅವನೇ ಹೋಗುತ್ತಿದ್ದಾನೋ, ನಾನು ಕೂತ ಜಾಗದಿಂದ ಕಾಣುತ್ತಿಲ್ಲ.