ಹೊನ್ನಕ್ಕನ ಕಸ

ಇರುವೆಯೊಂದು ಡಬ್ಬದ ಅಂಚು ಹಿಡಿದು ಸುತ್ತು ಹೊಡೆಯುತ್ತಿದೆ, ಒಳಗೆ ಏನೂ ಉಳಿದಿಲ್ಲ ಅನ್ನುವುದು ಅದಕ್ಕಿನ್ನೂ ಗೊತ್ತಾಗಿಲ್ಲ, ಬಗ್ಗಿ ನೋಡುತ್ತದೆ, ಮುಂದಕ್ಕೆ ಹೋಗುತ್ತದೆ, ಮತ್ತೆ ಬಗ್ಗುತ್ತದೆ, ಆ ಡಬ್ಬವನ್ನು ಪ್ರೊಫೆಸರ್ ನಂದೀಶ್ವರಯ್ಯ ಎರಡೇ ಬೆರಳಲ್ಲಿ ಎತ್ತಿ ತಮ್ಮ ಹುಡುಗರ ಕಡೆ ತಿರುಗಿಸಿದ್ದಾರೆ, ಓದಿ, ಎಲ್ಲರೂ ಓದಿ, ಏನು ಬರೆದಿದೆ, ಕಸ ಸಾರ್, ಹ್ಞಾ, ಕಸ, ಅಂದು ನನ್ನ ಕಡೆ ತಿರುಗಿದರು, ಲೇ ಯತ್ತಪ್ಪ, ಕಸ ಅಂತ ಬರೆದುಕೊಂಡು ಬಂದು ಕಸದ ಬುಟ್ಟಿಯ ಪಕ್ಕ ಇಟ್ಟು ಹೋದರೆ ಅದು ತಿಪ್ಪೆಗೆ ಹೋಗದೆ ಮೈಕ್ರೋಸ್ಕೋಪಿಗೆ ಬರುತ್ತೇನೋ, ಕುರಿ ಕಾಯೋನ ಕೈಗೆ ಅಕ್ಷರ ಸಿಕ್ಕರೆ ಇಷ್ಟೇ, ನಿನ್ನ ಬದಲು ನಿನ್ನ ಟಗರನ್ನ ಬಸ್ಸು ಹತ್ತಿಸಿದ್ದರೆ ಸರಿಯಾಗಿ ತಂದು ಮುಟ್ಟಿಸುತ್ತಿತ್ತು — ಇಬ್ಬರು ಹುಡುಗರು ನಕ್ಕರು, ಬಿಳಿ ಕೋಟಿನ ಹುಡುಗಿ ನಗಲಿಲ್ಲ, ತಲೆ ಬಗ್ಗಿಸಿ ಗಾಜಿನ ಪಟ್ಟಿ ಒರೆಸತೊಡಗಿದಳು, ಹಾಗೆ ನಗದೆ ಇರುವುದೂ ಒಂದು ನಗುವೇ, ಬಾಗಿಲ ಹತ್ತಿರ ಅಟೆಂಡರ್ ಕದರಪ್ಪ ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡು ನಿಂತಿದ್ದಾನೆ, ಯೂನಿವರ್ಸಿಟಿಯವರು ಬಾಡಿಗೆಗೆ ಹಿಡಿದ ಈ ಎರಡು ರೂಮಿನ ಕಿಟಕಿಯಾಚೆ ಮಧುಗಿರಿಯ ಬೆಟ್ಟ ಬೆಳಗಿನ ಬಿಸಿಲಿಗೇ ಹೆಂಚಿನಂತೆ ಕಾದಿದೆ, ಕಿಟಕಿಯ ಕೆಳಗೆ ತಿಪ್ಪೆ, ತಿಪ್ಪೆಯ ಮೇಲೆ ಕಂದು ನಾಯಿಯೊಂದು ಮಲಗಿ ಮುಂಗಾಲು ನೆಕ್ಕುತ್ತಿದೆ, ಆ ಕಡೆ ನಾನು ನೋಡಬಾರದು. ಕಸ. ಹೆತ್ತಾಗ ಕೂಸಿನ ಹಿಂದೆ ಬೀಳುವುದನ್ನು ನಮ್ಮ ಹಟ್ಟಿಯಲ್ಲಿ ಇನ್ನೇನು ಅನ್ನುತ್ತಾರೆ, ಕುರಿಗಾದರೂ ಅದೇ, ಹೆಂಗಸಿಗಾದರೂ ಅದೇ, ಕಸ ಬಿತ್ತಾ ಅಂತ ಕೇಳುತ್ತಾರೆ, ಬಿತ್ತು ಅಂದ ಮೇಲೇ ಎಲ್ಲರೂ ಉಸಿರು ಬಿಡುವುದು, ಇದೇ ನಂದೀಶ್ವರಯ್ಯ ಹೋದ ವರ್ಷ ಬರಗೂರಿನಾಚೆ ನಮ್ಮ ಹಟ್ಟಿಗೆ ಬಂದು ಹೆಂಗಸರ ಮುಂದೆ ಪ್ಲಾಸೆಂಟಾ ಅಂದರು, ಯಾರಿಗೂ ತಿಳಿಯಲಿಲ್ಲ, ಮಾಸು ಅಂದರು, ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿದರು, ಕಸ ಅನ್ನಿ ಸಾರ್ ಅಂತ ನಾನೇ ಹೇಳಿಕೊಟ್ಟೆ, ಆಮೇಲೆ ಆ ಮಾತು ಅವರ ಬಾಯಲ್ಲಿ ಬೆಲ್ಲದ ಚೂರಿನಂತೆ ಹೊರಳಾಡಿತು, ತಾಯೀ, ಕಸ ಬಿದ್ದ ತಕ್ಷಣ ಹೂಳಬೇಡಿ, ನಮಗೆ ಅದು ಚಿನ್ನ.

ಅವತ್ತು ಲೇ ಅನ್ನಲಿಲ್ಲ, ಯತ್ತಪ್ಪನವರೇ ಅಂದರು, ಕಂಬಳಿಯ ಮೇಲೆ ಚಕ್ಕಳಬಕ್ಕಳ ಕೂತು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡು ಪಾಠ ಹೇಳಿದರು, ನೋಡಿ ಯತ್ತಪ್ಪನವರೇ, ಕಸದಲ್ಲಿ ಅರ್ಧ ತಾಯಿದು, ಅರ್ಧ ಅಪ್ಪನ ಕಡೆಯದು, ಅಂದರೆ ಹೊರಗಿನದು, ಮೈಯಲ್ಲಿ ಕಾವಲಿನ ಕಣಗಳಿವೆ, ಹೊರಗಿನದು ಏನು ಬಂದರೂ ಬಿಡೋದಿಲ್ಲ, ಕೊಲ್ಲುತ್ತವೆ, ಆದರೆ ಒಂಬತ್ತು ತಿಂಗಳು ಈ ಕಸವನ್ನ ಮುಟ್ಟೋದಿಲ್ಲ, ಯಾಕೆ ಮುಟ್ಟೋದಿಲ್ಲ ಅನ್ನೋದೇ ನನ್ನ ಕೆಲಸ, ಕೆಲವರ ಮೈಯಲ್ಲಿ ಮಾತ್ರ ಕಾವಲಿಗೆ ತಲೆ ಕೆಡುತ್ತೆ, ತನ್ನವರು ಯಾರು, ಹೊರಗಿನವರು ಯಾರು ಅನ್ನೋದೇ ಮರೆತು ತನ್ನ ಮೈಯನ್ನೇ ತಿನ್ನೋಕೆ ಶುರು ಮಾಡುತ್ತೆ — ನನಗೆ ಆಗ ನಮ್ಮ ಕರಿಯ ನೆನಪಾದ, ಕುರಿ ರೊಪ್ಪದ ಮಗ್ಗುಲಲ್ಲೇ ಹುಟ್ಟಿ ಕುರಿಗಳ ಜೊತೆಗೇ ಮಲಗಿ ಬೆಳೆದ ನಾಯಿ, ತೋಳ ಬಂದರೆ ಎದೆ ಕೊಡುತ್ತಿದ್ದವನು, ಒಂದು ಬೇಸಿಗೆ ಬೆಳಗಾಗುವುದರೊಳಗೆ ನಮ್ಮದೇ ಎರಡು ಮರಿಗಳ ಕುತ್ತಿಗೆ ಹರಿದು ಬಾಯಿ ಕೆಂಪು ಮಾಡಿಕೊಂಡು ಅಪ್ಪನ ಮುಂದೆ ಬಾಲ ಅಲ್ಲಾಡಿಸುತ್ತ ನಿಂತಿದ್ದ, ಅಪ್ಪ ಹಗ್ಗ ತಂದಾಗಲೂ ಬಾಲ ಅಲ್ಲಾಡಿಸುತ್ತಲೇ ಇದ್ದ. ಆಗಲೇ ಬಾಯಿ ಬಿಟ್ಟೆ, ಸಾರ್, ನಮ್ಮ ಅಕ್ಕನಿಗೆ ಎರಡು ಹೋಗಿವೆ, ಈಗ ಮೂರನೆಯದು ನಿಂತಿದೆ, ಬಿಸಿಲಿಗೆ ಹೋದರೆ ಕೆನ್ನೆ ಕೆಂಪಾಗುತ್ತೆ, ಗೆಣ್ಣು ಗೆಣ್ಣು ನೋವು ಅಂತಾಳೆ, ತಲೆಗೂದಲು ಹಿಡಿ ಹಿಡಿ ಬರುತ್ತೆ, ಅವರು ಲೋಟ ಕೆಳಗಿಟ್ಟರು, ಆ ಕೆಂಪು ಮೂಗಿನ ಮೇಲೆ ಹಾಯ್ದು ಎರಡೂ ಕೆನ್ನೆಗೆ ಹರಡಿದೆಯಾ, ಚಿಟ್ಟೆ ಕೂತ ಹಾಗೆ, ಹೌದು ಸಾರ್, ಹಾಗಾದರೆ ಈ ಸಲದ ಕಸ ನನಗೆ ಬೇಕೇ ಬೇಕು, ಒಳ್ಳೇದಾಗಲಿ ಕೆಟ್ಟದ್ದಾಗಲಿ, ಅದನ್ನ ನೋಡಿದರೆ ಅವಳ ಮೈಯೇ ಕೂಸಿಗೆ ಹೋಗೋ ರಕ್ತ ತಡೀತಾ ಇದೆಯಾ ಹೇಳಬಹುದು, ಹಾಗಿದ್ದರೆ ಔಷಧಿ ಇದೆ, ಮುಂದಿನದನ್ನ ಉಳಿಸಬಹುದು, ಒಂದು ಚೂರು ಕತ್ತರಿಸಿಕೊಂಡು ಮಿಕ್ಕಿದ್ದು ವಾಪಸ್ ಕೊಡ್ತೀವಿ, ನಿಮ್ಮ ಶಾಸ್ತ್ರಕ್ಕೆ ನಾನು ಅಡ್ಡ ಬರೋನಲ್ಲ. ಒಳ್ಳೇದಾಗಲಿ ಕೆಟ್ಟದ್ದಾಗಲಿ ಅಂದಾಗಲೇ ನನಗೆ ತಿಳಿಯಬೇಕಿತ್ತು.

ಹೊನ್ನಕ್ಕನಿಗೆ ಏಳು ತಿಂಗಳಿಗೇ ನೋವು ಬಂತು. ಹಟ್ಟಿಯ ಹೊರಗೆ ಜಾಲಿಮರದ ಆಚೆ ಹಾಕಿದ ಗುಡ್ಲು, ಹೆರುವವರು ಅಲ್ಲೇ ಇರಬೇಕು, ಹೆರಿಗೆ ಮಾಡಿಸುವ ಅವ್ವನ ಬಿಟ್ಟು ಒಳಗಿನವರು ಯಾರೂ ಹೋಗಬಾರದು, ನಾನು ಅಷ್ಟು ದೂರದಲ್ಲಿ ಕಲ್ಲಿನ ಮೇಲೆ ಕೂತು ಕೇಳಿಸಿಕೊಂಡೆ, ನಮ್ಮದೇ ಹೆಣ್ಣನ್ನು ನಾವೇ ಹೊರಗಿನವಳು ಅಂತ ಬೇಲಿಯಾಚೆ ಇಟ್ಟು ಕೇಳಿಸಿಕೊಳ್ಳುತ್ತಿದ್ದೆವು, ಕೂಸಿನ ಅಳು ಬರಲಿಲ್ಲ, ಅವ್ವ ಗಿರಿಯಮ್ಮ ಬಟ್ಟೆಯಲ್ಲಿ ಸುತ್ತಿ ಈಚೆ ತಂದಳು, ಗಂಡು, ಒಂದು ಕೈ ಬಟ್ಟೆಯಿಂದ ಹೊರಗೆ ಬಿದ್ದಿತ್ತು, ಬೆರಳುಗಳೆಲ್ಲ ಬಿಡಿ ಬಿಡಿ, ಉಗುರು ಕೂಡ ಮೂಡಿತ್ತು, ಅದನ್ನೂ ಪ್ರೊಫೆಸರೇ ಹೇಳಿದ್ದರು, ಮೊದಮೊದಲು ಕೈ ಬಾತುಕೋಳಿಯ ಪಾದದಂತೆ ಒಂದೇ ಹಾಳೆ, ನಡುವಿನ ಕಣಗಳು ಯಾರೂ ಕೊಲ್ಲದೆ ತಾವೇ ಸಾಯುತ್ತವೆ, ಅವು ಸತ್ತರೇ ಬೆರಳು, ಹಾಗಾದರೆ ಇದರ ಸಾಯಬೇಕಾದ ಕಣಗಳೆಲ್ಲ ಸರಿಯಾಗಿ ಸತ್ತಿದ್ದವು, ಆಮೇಲೆ ನಿಲ್ಲಬೇಕು ಅಂತ ಸಾವಿಗೆ ಯಾರೂ ಹೇಳಿರಲಿಲ್ಲ. ಕೂಸನ್ನು ತಂಗಡಿ ಗಿಡದ ಬುಡದಲ್ಲಿ ಮಣ್ಣಿಗಿಟ್ಟರು. ಕಸಕ್ಕೆ ಅವ್ವ ಗುಡ್ಲಿನ ಮಗ್ಗುಲಲ್ಲೇ ಬೇರೆ ಗುಂಡಿ ತೋಡಿದ್ದಳು, ಬೇವಿನ ಸೊಪ್ಪು ಹಾಸಿದ್ದಳು, ನಾನು ಬೇಡಿದೆ, ಅವ್ವ ನನ್ನ ಕಡೆ ನೋಡಲೇ ಇಲ್ಲ, ಒಳಗಿಂದ ಹೊನ್ನಕ್ಕನ ದನಿ ಬಂತು, ಕೊಡವ್ವ, ತಗಂಡೋಗ್ಲಿ, ನನ್ ತಮ್ಮ ತಾನೇ, ಯಾತಕ್ಕೆ ಇಂಗಾಗ್ತೈತೆ ಅಂತ ಒಂದ್ ಸಲನಾರ ಗೊತ್ತಾಗ್ಲಿ. ಅವ್ವ ಕೊಟ್ಟಳು, ಆದರೆ ನನ್ನ ಮಣಿಕಟ್ಟು ಬಿಡದೆ ಹಿಡಿದುಕೊಂಡು, ಎಲ್ಲಾನೂ ವಾಪಸ್ ತರ್ಬೇಕು ಕಣ್ಲಾ ಯತ್ತ, ನಾಯಿ ಮೂಸ್ಬುಟ್ರೆ ಅವಳ ವಟ್ಟೇಲಿ ಇನ್ಯಾವ್ದೂ ನಿಲ್ಲಾಕಿಲ್ಲ, ನೀನು ಬರೋಗಂಟ ಈ ಗುಂಡಿ ಮುಚ್ಚಾಕಿಲ್ಲ ನಾನು, ಅಂದವಳೇ ಎಳೆ ಮರಿಗಳನ್ನು ಮುಚ್ಚುವ ಬಿದಿರು ಕುಕ್ಕೆ ತಂದು ಗುಂಡಿಯ ಮೇಲೆ ಬೋರಲು ಹಾಕಿದಳು, ಕುಕ್ಕೆಯ ಮೇಲೊಂದು ಕಲ್ಲು ಇಟ್ಟಳು. ಆ ಕುಕ್ಕೆಯೊಳಗೆ ಯಾವಾಗಲೂ ಒಂದು ಮರಿ ಇರುತ್ತದೆ, ತಾಯಿ ಮೇಯಲು ಹೋದಾಗ ಒಳಗಿಂದ ಬ್ಯಾ ಅನ್ನುತ್ತಿರುತ್ತದೆ, ಈಗ ಒಳಗೆ ಏನೂ ಇರಲಿಲ್ಲ, ಆದರೂ ಕಲ್ಲು.

ಹೋದ ತಿಂಗಳು ನಾನು ತಂದುಕೊಟ್ಟ ಎರಡು ಕುರಿಗಳ ಕಸ ಅದಲುಬದಲಾಗಿ ಪ್ರೊಫೆಸರೇ ಗದರಿದ್ದರು, ಯಾರದ್ದು, ಏನು ಅಂತ ಡಬ್ಬದ ಮೇಲೆ ಬರೆದು ತರೋಕೆ ನಿಮಗೇನು ಕಷ್ಟ ಯತ್ತಪ್ಪ, ಹಾಗಾಗಿ ಬರೆದೆ, ಕುರಿಗೆ ಗುರುತು ಹಾಕುವ ಕೆಮ್ಮಣ್ಣು ಕಲಸಿ ಬೆರಳಲ್ಲಿ ಅದ್ದಿ ಡಾಲ್ಡಾ ಡಬ್ಬದ ಮೇಲೆ ಹೊನ್ನಕ್ಕನ ಅಂತ ಬರೆದೆ, ನಮ್ಮ ಬಾಯಲ್ಲಿ ಅವಳು ಒನ್ನಕ್ಕ, ಹಟ್ಟಿಯೂ ಅಟ್ಟಿ, ಆರನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಅಟ್ಟಿ ಅಂತ ಬರೆದಿದ್ದಕ್ಕೆ ಮೇಷ್ಟರು ಇಡೀ ಕ್ಲಾಸಿನ ಕೈಲಿ ಹ ಹ ಹ ಅನ್ನಿಸಿದ್ದರು, ಹ ಹೇಳಿಕೊಡುವ ನೆಪದಲ್ಲಿ ಎಲ್ಲರೂ ನಕ್ಕರು, ನಾನು ಸೀಮೆಸುಣ್ಣ ಕೆಳಗಿಟ್ಟು ಆಚೆ ನಡೆದವನು ಮತ್ತೆ ಆ ಬಾಗಿಲು ತುಳಿಯಲಿಲ್ಲ, ಅಂಥ ನಾನು ಅವತ್ತು ಹೊ ಬರೆಯಲು ಎಷ್ಟು ಹೊತ್ತು ತೆಗೆದುಕೊಂಡೆ, ಹೊಟ್ಟೆ ದುಂಡಗೆ, ಕೊಂಬು ಸರಿಯಾಗಿ, ಅವಳ ಹೆಸರು ಯಾರ ಮುಂದೆಯೂ ನಗೆಪಾಟಲಾಗಬಾರದು ಅಂತ. ಸಿರಾ ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಅನ್ನಿಸಿತು, ಯಾರದ್ದು ಅಂತ ಬರೆದೆ, ಏನು ಅಂತ ಬರೆಯಲಿಲ್ಲವಲ್ಲ, ಲಾರಿಯ ಹಿಂದೆ ಹೂವು ಬರೆಯುತ್ತಿದ್ದ ಪೇಂಟರ್ ಸಾಬರ ಹತ್ತಿರ ಒಂದು ಬ್ರಷ್ಷು ಬಣ್ಣ ಕೇಳಿದೆ, ಕ್ಯಾ ಲಿಖ್ತೆ ಭಾಯ್, ಕಸ ಅಂತ, ಕಚ್ರಾ? ಅರೆ, ಕಚ್ರೆಕು ರಂಗ್ ಕಾಯ್ಕು, ಬಿಸಾಕೋದಕ್ಕೆ ಬಣ್ಣ ಯಾಕಪ್ಪಾ, ಅವರು ಹಲ್ಲು ಬಿಟ್ಟು ನಕ್ಕರು, ಒಳಗಿರುವುದು ಏನು ಅಂತ ಹೇಳದೆ ಅವಳ ಹೆಸರಿನ ಕೆಳಗೆ ದಪ್ಪಗೆ ಕಸ ಅಂತ ಬರೆದೆ, ಒಣಗಿಸಿದೆ, ಐಸ್‌ಕ್ಯಾಂಡಿ ಅಂಗಡಿಯಿಂದ ಐಸು ತಂದು ಹೊಟ್ಟಿನ ಜೊತೆ ಗೋಣಿಯಲ್ಲಿ ಸುತ್ತಿ ಮಧುಗಿರಿ ಬಸ್ಸು ಹತ್ತಿದೆ, ದಾರಿಯುದ್ದಕ್ಕೂ ಐಸು ಕರಗಿ ನನ್ನ ತೊಡೆಯ ಮೇಲೆ ನೀರು ಇಳಿಯುತ್ತಿತ್ತು, ಮೊದಲು ಬರೀ ನೀರು, ಬಡವನಹಳ್ಳಿ ದಾಟಿದ ಮೇಲೆ ಕೆಂಪು, ಪಕ್ಕದವನು ಸರಿದು ಕೂತ, ಏನ್ಲಾ ಅದು, ಮಾಂಸವಾ, ನಾನು ರಕ್ತವೇ ಇರಬೇಕು ಅಂದುಕೊಂಡು ಡಬ್ಬವನ್ನು ಇನ್ನಷ್ಟು ಅವುಚಿಕೊಂಡೆ, ರಕ್ತವಲ್ಲ ಅದು, ಕೆಮ್ಮಣ್ಣು, ನಾನು ಅವುಚಿ ಕೂತ ಅಷ್ಟು ಹೊತ್ತೂ ಅವಳ ಹೆಸರು ನನ್ನ ಮಡಿಲಿಗೇ ತೊಳೆದು ಹೋಗುತ್ತಿತ್ತು. ಬಣ್ಣ ಉಳಿಯಿತು. ಕಸ ಉಳಿಯಿತು.

ಶನಿವಾರ ಸಂಜೆ, ಕದರಪ್ಪ ಬೀಗ ಹಿಡಿದು ನಿಂತಿದ್ದ, ಪಾವಗಡದ ಕಡೆಯವನು, ಅವನ ಬಾಯಲ್ಲಿ ಅರ್ಧ ತೆಲುಗು, ಇಪ್ಪುಡಾ ವಚ್ಚೇದಿ ಯತ್ತಪ್ಪಾ, ಈಗ್ಲಾ ಬರೋದು, ಕರೆಂಟಿಲ್ಲ, ಆಡ ಪೆಟ್ಟು, ಬಾಗಿಲ ಹತ್ರ ಇಕ್ಕು, ಕರೆಂಟು ಬಂದ್ಮೇಲೆ ನಾನೇ ಫ್ರಿಜ್ಜಿನಾಗೆ ಇಡ್ತೀನಿ, ನುವ್ವು ಪೋ, ಬಸ್ಸು ತಪ್ಪೋಯ್ತದೆ, ಬಾಗಿಲ ಹತ್ತಿರ ಬುಟ್ಟಿಯಿತ್ತು, ಬುಟ್ಟಿಯ ಮೇಲೂ ಬಿಳಿ ಬಣ್ಣದಲ್ಲಿ ಅದೇ ಎರಡಕ್ಷರ, ಅದರ ಪಕ್ಕ ಇಟ್ಟೆ, ಅವನು ಫ್ರಿಜ್ಜಿಗಿಡಲು ಮರೆತ, ಭಾನುವಾರ ಗುಡಿಸುವವಳು ಬಂದು ಎರಡನ್ನೂ ಒಟ್ಟಿಗೇ ಹೊತ್ತುಕೊಂಡು ಹೋದಳು, ಇವತ್ತು ಸೋಮವಾರ ಬೆಳಿಗ್ಗೆ ಮಿಕ್ಕಿದ್ದನ್ನು ಒಯ್ಯಲು ನಾನು ಬಂದಾಗ ತಿಪ್ಪೆಯಿಂದ ಡಬ್ಬ ಹೆಕ್ಕಿ ತಂದವನೂ ಇದೇ ಕದರಪ್ಪ, ಬರಿ ಡಬ್ಬ, ಒಳಗೆ ತೊಳೆದಿಟ್ಟಷ್ಟು ಚೊಕ್ಕಟ, ಯಾರ ನಾಲಗೆ ತೊಳೆಯಿತು ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ, ನಾನೇ ಇಡು ಅಂದೆ ಸಾರ್ ಅಂತ ಒಂದು ಮಾತು, ಅದು ಅವನ ಗಂಟಲಲ್ಲಿ ಏರಿ ಇಳಿಯುವುದು ನನಗೆ ಇಲ್ಲಿಂದ ಕಾಣುತ್ತಿದೆ, ಅವನದು ಟೆಂಪರರಿ ಕೆಲಸ, ಆ ಮಾತು ಇಳಿದೇ ಹೋಯಿತು. ನಾಳೆ ಭಾವ ಬೋರಣ್ಣ ತಾವರೆಕೆರೆಯಿಂದ ಬರುತ್ತಾನೆ, ಅವನು ಒಳ್ಳೆಯವನಂತೆಯೇ ಮಾತಾಡಿದ್ದ, ಡಾಕ್ಟ್ರು ವಾಸಿ ಆಗ್ತೈತೆ ಅಂದ್ರೆ ಕಾಯ್ತೀನಿ ಕಣಪ್ಪ, ಆಗಲ್ಲ ಅಂದ್ರೆ ನಮ್ಮಪ್ಪ ಬ್ಯಾರೆ ಹೆಣ್ಣು ನೋಡವ್ನೆ, ನನ್ನ ಬೈಬ್ಯಾಡ, ವಾಸಿ ಆಗುತ್ತೆ ಅನ್ನಬೇಕಾದ ಪ್ರೊಫೆಸರ ಬಾಯಿ ಇದೇ, ನನ್ನ ಮುಂದೆಯೇ ಇದೆ, ಅದಕ್ಕೆ ಈಗ ಹೇಳಲು ಏನೂ ಇಲ್ಲ, ನೋಡಬೇಕಾದ್ದು ನಾಯಿಯ ಹೊಟ್ಟೆಯಲ್ಲಿದೆ, ಹೊನ್ನಕ್ಕನಿಗೆ ಜ್ವರ ಇಳಿದಿಲ್ಲ, ಕಾಲು ಬಾತಿವೆ, ಗುಂಡಿ ಮುಚ್ಚೋಗಂಟ ಇಳಿಯಲ್ಲ ಅಂತಾಳೆ ಅವ್ವ, ಶನಿವಾರ ನಾನು ಡಬ್ಬ ಹಿಡಿದು ಹೊರಡುವಾಗ ಗುಡ್ಲಿನ ತಡಿಕೆಯ ಸಂದಿನಿಂದ ಅವಳ ಮುಖ ಕಂಡಿತ್ತು, ಚಿಟ್ಟೆ ಅಲ್ಲೇ ಕೂತಿತ್ತು, ಸ್ವಾಮಾರಕ್ಕೆ ಗೊತ್ತಾಗ್ತೈತಾ ಯತ್ತ, ಗೊತ್ತಾಗ್ತೈತೆ ಅಂದಿದ್ದೆ.

ಪ್ರೊಫೆಸರ್ ಡಬ್ಬವನ್ನು ಮೇಜಿನ ಮೇಲಿಟ್ಟರು, ಕಸ ಅನ್ನುವುದರ ಮೇಲೆ ಕೆಂಪನೆಯ ಒಂದು ಬಳಿದ ಗುರುತಿದೆ, ಯಾರೂ ನೋಡಲಿಲ್ಲ, ನೋಡಿದರೂ ತುಕ್ಕು ಅನ್ನುತ್ತಾರೆ, ಅದು ಹೊನ್ನಕ್ಕನ ಹೊ, ಆ ಮಬ್ಬಾದ ಹೊಟ್ಟೆ ಹೊ ಸಾರ್, ನೀವು ಹೇಳಿದಂತೆಯೇ ಬರೆದಿದ್ದೆ, ಮಾತು ಹಲ್ಲಿನ ತನಕ ಬಂದಿದೆ, ಬಾಯಿ ಬಿಟ್ಟರೆ ಅದೊಂದೇ ಬರುವುದಿಲ್ಲ, ಮುಷ್ಟಿಯೂ ಬರುತ್ತದೆ, ಆ ಗಾಜಿನ ಬಾಟಲಿಗಳ ಸಾಲು, ತೋವಿನಕೆರೆಯದು, ಪಾವಗಡದ್ದು, ಕೊರಟಗೆರೆಯದು, ಎಷ್ಟು ಹೆಂಗಸರ ಕಸ ಔಷಧಿ ನೀರಲ್ಲಿ ತೇಲುತ್ತಿದೆ, ಎಲ್ಲಕ್ಕೂ ಒಂದೊಂದು ಹೆಸರಿನ ಚೀಟಿ, ಒಂದು ತೋಳು ಬೀಸಿದರೆ ಸಾಕು, ಆದರೆ ಅವೂ ಯಾರೋ ಅಕ್ಕಂದಿರದ್ದೇ, ಅಪ್ಪನ ಹಗ್ಗ ಕಂಡಾಗಲೂ ನಮ್ಮ ಕರಿಯ ಬಾಲ ಅಲ್ಲಾಡಿಸಿದ್ದ, ನಾನು ಅಲ್ಲಾಡಿಸುವುದಿಲ್ಲ. ಈಗ ಅವರ ದನಿ ಇಳಿದಿದೆ, ಕನ್ನಡಕ ಒರೆಸುತ್ತಿದ್ದಾರೆ, ಹೋಗಲಿ ಬಿಡು, ಆದದ್ದಾಯಿತು, ಮುಂದಿನ ಸಲ ಅವಳಿಗೆ ಹೀಗಾದಾಗ ನೇರವಾಗಿ ನನ್ನ ಕೈಗೇ ತಂದು ಕೊಡು, ತಿಳೀತೇನೋ, ಮುಂದಿನ ಸಲ, ಅವಳಿಗೆ ಹೀಗಾದಾಗ, ಹುಡುಗಿ ತಲೆ ಎತ್ತಿ ನೋಡಿದಳು, ಕದರಪ್ಪ ಬಾಗಿಲು ಬಿಟ್ಟು ಸರಿದ, ನಾನು ಡಬ್ಬ ತೆಗೆದುಕೊಂಡೆ, ಇರುವೆ ನನ್ನ ಬೆರಳಿಗೆ ಹತ್ತಿತು, ತಿಳೀತೇನೋ ಅಂದ್ರೆ, ಏನೋ, ಕಿವಿ ಕೇಳಿಸುತ್ತಾ, ಹೊಸಿಲು, ಮೆಟ್ಟಿಲು, ಬಿಸಿಲು, ನಾಯಿ ತಲೆ ಎತ್ತಿ ನನ್ನ ಕೈಯ ಡಬ್ಬ ನೋಡಿ ಬಾಲ ಅಲ್ಲಾಡಿಸಿತು, ಅದರ ಮೇಲೆ ಕಲ್ಲೆತ್ತಲಿಲ್ಲ, ಹಿಂದಿನಿಂದ ಇನ್ನೂ ಕೂಗುತ್ತಿದ್ದಾರೆ, ನಡೆಯುತ್ತಿದ್ದೇನೆ, ಸಿರಾ ಬಸ್ಸು, ಅಲ್ಲಿಂದ ಬರಗೂರು ಬಸ್ಸು, ಅಲ್ಲಿಂದ ಜಾಲಿಮರ, ಅವ್ವ ಎದ್ದು ನಿಲ್ಲುತ್ತಾಳೆ, ನನ್ನ ಮುಖ ನೋಡುವುದಿಲ್ಲ, ಡಬ್ಬ ನೋಡುತ್ತಾಳೆ, ಬಗ್ಗಿ ಕಲ್ಲು ತೆಗೆಯಲು ಕೈ ಹಾಕುತ್ತಾಳೆ, ಕುಕ್ಕೆ, ಬೋರಲು, ಮೇಲೊಂದು ಕಲ್ಲು, ಒಳಗೆ ಬೇವಿನ ಸೊಪ್ಪು ಬಾಡಿರುತ್ತದೆ, ಕುಕ್ಕೆ, ಮೇಲೊಂದು ಕಲ್ಲು, ಕುಕ್ಕೆಯೊಳಗೆ ಏನೂ ಇಲ್ಲ, ಮೇಲೊಂದು ಕಲ್ಲು