ಉಲ್ಟಾ ತಿರುಗಿದ ಫ್ಯಾನು

ನಮ್ಮ ಖಾಸಗಿ ವಿಶ್ವವಿದ್ಯಾಲಯದ ಗೇಟು ಎಷ್ಟು ಎತ್ತರವೆಂದರೆ, ಮೋಡಗಳು ಕೂಡ ಅದರಡಿ ಬಗ್ಗಿಕೊಂಡು ಹೋಗಬೇಕು. ಪ್ರಯೋಗಾಲಯದಲ್ಲಿ ಮಾತ್ರ ನೆಟ್ಟಗಿರುವ ಸ್ಕ್ರೂಡ್ರೈವರ್ ಒಂದೂ ಇರಲಿಲ್ಲ. ಎಲೆಕ್ಟ್ರಿಕಲ್ ವಿಭಾಗದ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಟ್ರಾನ್ಸ್‌ಫಾರ್ಮರ್: ಕೂತಲ್ಲಿಂದ ಕದಲದೆ ದಿನವಿಡೀ ಗುಂಯ್‌ಗುಡುವ ಪ್ರಾಣಿ. ಪಿಎಚ್.ಡಿ. ಇತ್ತು. ಅವರು ಸ್ವಿಚ್ಚು ಮುಟ್ಟಿದ್ದನ್ನು ಕಂಡವರು ಭೂಮಂಡಲದಲ್ಲಿರಲಿಲ್ಲ.

ನಾನೋ, ವಿದ್ಯುತ್ತಿಗೇ ಶಾಕ್ ಕೊಡಬಲ್ಲವನು. ಆದರೆ ಹಾಜರಿ ಕಡಿಮೆ ಬಿದ್ದಿತ್ತು. ತರಗತಿಯಲ್ಲಿ ಆಕಳಿಸುವುದು ನನ್ನ ಪ್ರತಿಭೆಗೆ ಅವಮಾನವೆಂದು ಕ್ಯಾಂಟೀನಿನಲ್ಲಿ ಆಕಳಿಸುತ್ತಿದ್ದೆ. ಪರೀಕ್ಷೆಗೆ ಕೂರಿಸದಿದ್ದರೆ ಒಂದು ವರ್ಷ ಮಣ್ಣುಪಾಲು. ಆಮೇಲೆ ನನಗಿಂತ ಒಂದು ವರ್ಷ ಹಿಂದಿದ್ದ ಚಿಕ್ಕಪ್ಪನ ಮಗಳ ತರಗತಿಯಲ್ಲೇ ವಾಸ. "ಅಣ್ಣಾ, ನಿಂಗೆ ಕಿಟಕಿ ಪಕ್ಕ ಜಾಗ ಹಿಡಿದಿಡ್ಲಾ?" ಎಂದು ಅವಳು ಆಗಲೇ ಶುರುಮಾಡಿದ್ದಳು.

ಅಷ್ಟರಲ್ಲಿ ತಪಾಸಣಾ ತಂಡ ಬರುವ ಸುದ್ದಿ ಬಂತು. ಟ್ರಾನ್ಸ್‌ಫಾರ್ಮರ್ ನನ್ನನ್ನು ಕರೆಸಿದರು.

"ಲೋ ಸೋಮಾರಿ, ಲ್ಯಾಬಿಗೆ ಹೊಸ ಎಗ್ಸಾಸ್ಟ್ ಫ್ಯಾನ್ ಹಾಕಿಸಿದೀವಿ. ಅವರೆದುರು ನೀನೇ ವೈರ್ ಜೋಡಿಸಿ ತಿರುಗಿಸು. ಸರಿಹೋದ್ರೆ ಪರೀಕ್ಷೆಗೆ ಕೂರಿಸ್ತೀನಿ."

"ಜಾಣರು ಯಾರೂ ಸಿಗ್ಲಿಲ್ವಾ ಸಾರ್?"

"ಅವರಿಗೆ ವೈರ್ ಕಂಡ್ರೆ ಭಯ ಕಣೋ."

ತಂಡದ ಮೂವರು ಫ್ಯಾನಿನ ಮುಂದೆಯೇ ಕುರ್ಚಿ ಹಾಕಿ ಕೂತರು. ತ್ರೀ-ಫೇಸ್ ಮೋಟರಿನ ಮೂರು ವೈರು ಬಿಗಿದು ಹಸಿರು ಗುಂಡಿ ಒತ್ತಿದೆ. ಫ್ಯಾನು ಉಲ್ಟಾ ತಿರುಗಿತು! ಒಳಗಿನ ಗಾಳಿಯನ್ನು ಹೊರದೂಡುವುದು ಬಿಟ್ಟು, ಹಿಂದೆ ಕಟ್ಟುತ್ತಿದ್ದ ಹೊಸ ಬ್ಲಾಕಿನ ಸಿಮೆಂಟು ಧೂಳನ್ನೆಲ್ಲ ಎಳೆತಂದು ಸುರಿಯಿತು. ಮೂವರೂ ಬಣ್ಣ ಬಳಿಯದ ಪ್ರತಿಮೆಗಳಾದರು. ಒಬ್ಬರ ಮೀಸೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಬಹುದಿತ್ತು.

ಇದಕ್ಕೆ ಮದ್ದು ಚಿಟಿಕೆಯಷ್ಟು. ಮೂರರಲ್ಲಿ ಯಾವುದಾದರೂ ಎರಡು ವೈರು ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತದೆ. ಮೇನ್ ಆಫ್ ಮಾಡಿ ಎರಡನ್ನು ಬಿಚ್ಚಿದೆ.

"ಎರಡೇನೋ, ಅರ್ಧಂಬರ್ಧ ಕೆಲಸ!" ಟ್ರಾನ್ಸ್‌ಫಾರ್ಮರ್ ಗುಡುಗಿದರು. "ಮೂರನ್ನೂ ಒಂದೊಂದು ಮನೆ ಮುಂದಕ್ಕೆ ಸರಿಸು, ಕೊನೇದನ್ನ ಮೊದಲಿಗೆ ಹಾಕು!"

ಮೂರನ್ನೂ ಸರಿಸಿದರೆ ಅವುಗಳ ಸರದಿ ಇದ್ದ ಹಾಗೇ ಇರುತ್ತದೆ, ಫ್ಯಾನು ಮತ್ತೆ ಉಲ್ಟಾ. ನಮಗೆ ಈ ಪಾಠ ಮಾಡಿದವರು ಅವರೇ. ಓದಿ ಹೇಳಿದವರು ಅನ್ನಿ. ಆಗಲ್ಲ ಅಂದರೂ ನನ್ನ ಪರೀಕ್ಷೆ ಹೋಯಿತು, ಹೂಂ ಅಂದರೂ ಹೋಯಿತು. ಹೂಂ ಅಂದೆ. ಮಹನೀಯರಿಗೆ ಸಿಮೆಂಟಿನ ಎರಡನೇ ಪದರ ಬಿತ್ತು.

"ಏನ್ರೀ ಇದು?" ಮೀಸೆಯವರು ಕೆಮ್ಮಿದರು. ಎಂದೂ ಕದಲದ ಟ್ರಾನ್ಸ್‌ಫಾರ್ಮರ್ ಕದಲಿ ನನ್ನ ಬೆನ್ನ ಹಿಂದೆ ಸರಿಯಿತು.

ಬಾಯಿ ಬಿಟ್ಟರೆ ನನ್ನ ಮುಂದೆ ಬೃಹಸ್ಪತಿಯೂ ಕೈಕಟ್ಟಿ ನಿಲ್ಲಬೇಕು. "ಸಾರ್, ನಮ್ಮ ಸಾರ್ ಪಾಠ ಮಾಡೋದೇ ಹಿಂಗೆ. ಮೂರನ್ನೂ ಸರಿಸಿದ್ರೆ ದಿಕ್ಕು ಬದಲಾಗಲ್ಲ ಅಂತ ಬೋರ್ಡ್ ಮೇಲೆ ಬರೆದ್ರೆ ಮರೀತೀವಿ. ಮುಖಕ್ಕೆ ಹೊಡೆದ್ರೆ ಮರೆಯಲ್ಲ. ಈಗ ಎರಡೇ ಬದಲಾಯಿಸ್ತೀನಿ, ನೋಡಿ."

ಫ್ಯಾನು ಕೋಣೆಯ ಧೂಳನ್ನೆಲ್ಲ ಹೊರಗೆ ಹೊತ್ತೊಯ್ದಿತು.

"ಭೇಷ್! ಮಾಡಿ ಕಲಿಸೋದು ಅಂದ್ರೆ ಇದು!" ಎಂದು ಮೀಸೆಯವರು ಕೈಕುಲುಕಿದರು. ನನ್ನದಲ್ಲ, ಟ್ರಾನ್ಸ್‌ಫಾರ್ಮರಿನದು.

"ಏನೋ ನಮ್ಮ ಅಳಿಲು ಸೇವೆ" ಎಂದು ಆ ಆನೆ ನಾಚಿಕೊಂಡಿತು.

ತಂಡದವರು ಮುಖ ತೊಳೆಯಲು ಹೋದದ್ದೇ ತಡ, ಟ್ರಾನ್ಸ್‌ಫಾರ್ಮರ್ ನನ್ನ ತೋಳು ಹಿಡಿದು ಬೀರುವಿನ ಹಿಂದಕ್ಕೆ ಎಳೆದರು. "ಲೋ, ಯಾವ ಎರಡೋ ಅದು? ನಾಳೆ ಕುಲಪತಿಗಳ ಮುಂದೆ ನಾನೇ ಮಾಡಿ ತೋರಿಸ್ಬೇಕಂತೆ!"

"ಮೊದಲು ನನ್ನ ಹಾಜರಿಗೆ ಸಹಿ ಸಾರ್."

ಗೋಡೆಗೆ ಕಾಗದ ಒತ್ತಿ ಹಿಡಿದು ಸಹಿ ಹಾಕಿದರು.

"ಯಾವುದಾದ್ರೂ ಎರಡು ಸಾರ್."

"ಆಟ ಆಡ್ಬೇಡ. ಬಣ್ಣ ಹೇಳು!"

"ಕೆಂಪು, ಹಳದಿ" ಎಂದೆ. ಡಾಕ್ಟರು ಅಂಗೈ ಮೇಲೆ ಬರೆದುಕೊಂಡರು.